ಮಲ್ಲಿಗೆ 70 ಗಿಡದಿಂದ 200ಕ್ಕೆ ಏರಿಸ್ಲಾ? ಓಣಂಗೆ ಗೊಂಡೆ (ಚೆಂಡು ಹೂ) ಮತ್ತೆ ಹಾಕ್ಲಾ? (ಬದಿಯಡ್ಕ)

ಸುರಂಗದ ಮನೆ, ಬದಿಯಡ್ಕ (ಮೇ 9, 2026)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೇನೆ, ಬರೆಯುವುದು ಇದು ಮೊದಲ ಸಲ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ ಭಾವನವರ ಪಾಲಿಗೆ ಹೋಗಿದೆ. ನಮಗೆ ಬಂದದ್ದು ಮನೆಯ ಮೇಲಿನ ಗುಡ್ಡೆಯ 45 ಸೆಂಟ್ಸ್, ಮುರಕಲ್ಲಿನ ಜಾಗ. ನೀರು ಮಾವನವರ ಕಾಲದ ಸುರಂಗದ್ದು, ಗುಡ್ಡೆಯನ್ನು ಅಡ್ಡ ಕೊರೆದು ಮಾಡಿದ್ದು. ಈಗ ಬೇಸಗೆಯಲ್ಲಿ ಹೆಬ್ಬೆರಳಿನಷ್ಟು ದಪ್ಪ ಬೀಳ್ತದೆ. ರಾತ್ರಿಯಿಡೀ ಬಿದ್ದು ಟಾಂಕಿ ತುಂಬಿದ್ರೆ ಮರುದಿನಕ್ಕೆ ಸಾಕು, ಅದಕ್ಕಿಂತ ಹೆಚ್ಚು ಒಂದು ಕೊಡ ಕೂಡ ಇಲ್ಲ.

70 ಮಲ್ಲಿಗೆ ಗಿಡ ಉಂಟು, 2021ರ ಜೂನಿನಲ್ಲಿ ನೆಟ್ಟದ್ದು, ಉಡುಪಿ ಕಡೆಯ ಶಂಕರಪುರದ ಜಾತಿ. 15 ಸೆಂಟ್ಸಿನಲ್ಲಿ ತರಕಾರಿ: ಒಂದು ತೊಂಡೆ ಚಪ್ಪರ, ಅಲಸಂಡೆ, ಹಾಗಲ, ಹರಿವೆ, ಸ್ವಲ್ಪ ಬದನೆ, ಬೇಸಗೆಗೆ ಸೌತೆ. ಮಲ್ಲಿಗೆಯನ್ನು ಬೆಳಿಗ್ಗೆ 9.10ರ ಬಸ್ಸಿಗೆ ಕೊಟ್ಟು ಮಂಗಳೂರು ಕಡೆಗೆ ಕಳಿಸ್ತೇನೆ. ತರಕಾರಿ ಮಂಗಳವಾರ, ಶುಕ್ರವಾರ 22 ಮನೆಗಳಿಗೆ ವಾಟ್ಸಾಪಿನಲ್ಲಿ ಹೇಳಿ ಕೊಡ್ತೇನೆ, ಉಳಿದದ್ದು ಪೇಟೆಯ ಎರಡು ಅಂಗಡಿಗೆ.

ಕಳೆದ ಏಪ್ರಿಲಿನಿಂದ ಈ ಮಾರ್ಚಿನವರೆಗಿನ ಲೆಕ್ಕ ನನ್ನ ಪುಸ್ತಕದಲ್ಲಿ ಉಂಟು. ಮಲ್ಲಿಗೆಯಿಂದ ಬಂದದ್ದು 1,38,000. ಅದರಲ್ಲಿ ಹೂ ಕಟ್ಟಿದವರ ಕೂಲಿ 31,000, ಗೊಬ್ಬರ, ಹಿಂಡಿ, ಬೇವಿನೆಣ್ಣೆ 14,000. ತರಕಾರಿಯಿಂದ 96,000, ಖರ್ಚು 22,000. ನಮ್ಮ ಮನೆಯವರ ದುಡಿಮೆಗೆ ಕೂಲಿ ಹಾಕಿಲ್ಲ.

ಈಗ ಪ್ರಶ್ನೆ ಬಂದದ್ದು ಯಾಕೆಂದ್ರೆ, ಯಜಮಾನರು 11 ವರ್ಷ ಗಲ್ಫಿನಲ್ಲಿ ಇದ್ದು ಕಳೆದ ನವೆಂಬರಿನಲ್ಲಿ ವಾಪಸು ಬಂದ್ರು. ಇನ್ನು ಹೋಗುವುದಿಲ್ಲ, ಇಲ್ಲೇ ಇದನ್ನೇ ದೊಡ್ಡದು ಮಾಡುವ ಅಂತ ಅವರ ಮನಸ್ಸು. ಉಳಿದ ಜಾಗಕ್ಕೆಲ್ಲ ಮಲ್ಲಿಗೆ ಹಾಕಿ 200 ಗಿಡ ಮಾಡುವ ಅಂತ ಹೇಳ್ತಾರೆ. 70 ಗಿಡದಲ್ಲಿ ಇಷ್ಟು ಬಂದ್ರೆ 200ರಲ್ಲಿ ಎಷ್ಟು ಅಂತ ಕಾಗದದಲ್ಲಿ ಹಾಕಿ ತೋರಿಸಿದ್ರು. ಅವರ ಲೆಕ್ಕದಲ್ಲಿ ತಪ್ಪು ಕಾಣುವುದಿಲ್ಲ, ಆದ್ರೆ ನನಗೆ ಒಳಗಿಂದ ಧೈರ್ಯ ಬರ್ತಾ ಇಲ್ಲ. ಯಾಕೆ ಅಂತ ಅವರಿಗೆ ವಿವರಿಸಿ ಹೇಳ್ಲಿಕ್ಕೂ ಆಗ್ತಾ ಇಲ್ಲ.

ಇನ್ನೊಂದು ಗೊಂಡೆಯ ವಿಷಯ. 2024ರಲ್ಲಿ ಕುಟುಂಬಶ್ರೀಯ (ಹೆಂಗಸರ ಸ್ವಸಹಾಯ ಗುಂಪು) ನಾವು ನಾಲ್ಕು ಜನ ಸೇರಿ 400 ಗಿಡ ನೆಟ್ಟಿದ್ದೆವು, ಇಲ್ಲಿ ಚೆಂಡುಮಲ್ಲಿ ಅಂತ ಹೇಳ್ತಾರಲ್ಲ, ಅದೇ. ಜುಲೈ 22ಕ್ಕೆ ನೆಟ್ಟು ಸೆಪ್ಟೆಂಬರ್ 15ರ ತಿರುವೋಣಕ್ಕೆ (ಓಣಂನ ಮುಖ್ಯ ದಿನ) ಸರಿಯಾಗಿ ಹೂ ಸಿಕ್ಕಿತು. 310 ಕಿಲೋ, 26,000 ಚಿಲ್ಲರೆ. ಆ ಧೈರ್ಯದಲ್ಲಿ ಕಳೆದ ವರ್ಷ 900 ಗಿಡ ಹಾಕಿದೆವು, ಜುಲೈ 20ಕ್ಕೆ. ತಿರುವೋಣದ ದಿನ ಬೆಳಿಗ್ಗೆ 5 ಗಂಟೆಗೆ ಟಾರ್ಚ್ ಹಿಡಿದು ಮೇಲೆ ಹೋದೆ. ಸಾಲು ಸಾಲು ಗಿಡ, ಒಂದೊಂದರಲ್ಲಿ ಹತ್ತು ಹದಿನೈದು ಮೊಗ್ಗು, ಎಲ್ಲ ಹಸಿರು ಹಸಿರು. ತುದಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ಕೇಸರಿ ಇಣುಕ್ತಾ ಇತ್ತು. ಒಂದು ಮೊಗ್ಗನ್ನು ಉಗುರಿನಲ್ಲಿ ಸೀಳಿ ನೋಡಿದೆ, ಒಳಗೆ ಎಸಳು ಪೂರ್ತಿ ತಯಾರಾಗಿತ್ತು, ಇನ್ನೊಂದು ಆರೇಳು ದಿನ ಸಿಕ್ಕಿದ್ರೆ ಸಾಕಿತ್ತು. ಆ ವಾರದಲ್ಲಿ ಮಾರಿದ್ದು 120 ಕಿಲೋ. ಸೆಪ್ಟೆಂಬರ್ 12ಕ್ಕೆ ಗುಡ್ಡೆ ಪೂರ್ತಿ ಅರಳಿತು, ಕೇಳುವವರು ಯಾರೂ ಇಲ್ಲ. ಚೌತಿ ಓಣಂಗಿಂತ ಮೊದಲೇ ಮುಗಿದಿತ್ತು, ಆಗ ಪಿತೃಪಕ್ಷ ಬೇರೆ. ಕೆಳಗಿನ ಸಾಲಿನ 60 ಗಿಡ ಅದಕ್ಕೂ ಮೊದಲು ಬಾಡಿ ಸತ್ತಿತ್ತು, ಅದು ಬೇರೆ. ಖರ್ಚಾದದ್ದು 19,000, ನಾಲ್ಕು ಮನೆಯ ಹೆಂಗಸರ ದುಡ್ಡು. ಈ ಸಲ ಪುನಃ ಹಾಕುವ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಮಲ್ಲಿಗೆ ಏರಿಸ್ಲಾ, ಗೊಂಡೆ ಬಿಡ್ಲಾ, ಅಥವಾ ತರಕಾರಿಯನ್ನೇ ಹೆಚ್ಚಿಸ್ಲಾ? ಮಾಡಿ ಅನುಭವ ಇದ್ದವರು ಹೇಳಿ.

ಹೊಳೆಕರೆ ಮಲ್ಲಿಗೆ, ಕುಂಬಳೆ

ತಂಗಿ, ನಿನಗೆ ಧೈರ್ಯ ಬಾರದೆ ಇರುವುದು ಸರಿಯೇ. ಯಾಕೆ ಅಂತ ನಾನು ಹೇಳ್ತೇನೆ, ಇದನ್ನು ಹಾಗೇ ಯಜಮಾನರಿಗೆ ಓದಿ ಹೇಳು. ನನಗೆ 12 ವರ್ಷದ ಮಲ್ಲಿಗೆ ಉಂಟು.

ಮಲ್ಲಿಗೆಯ ಲೆಕ್ಕವನ್ನು ಗಿಡದಲ್ಲಿ ಹಾಕ್ಬಾರದು, ಕೈಯಲ್ಲಿ ಹಾಕ್ಬೇಕು. ಕಟ್ಟಿದ ಹೂವಿನ ಒಂದು ಚೆಂಡಿಗೆ 800 ಹೂ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ 3,200 ಮೊಗ್ಗು. ನಿನ್ನ 70 ಗಿಡ ಏಪ್ರಿಲಿನಲ್ಲಿ ಒಳ್ಳೆ ದಿನಕ್ಕೆ ಎರಡು ಅಟ್ಟೆ ಕೊಡ್ತದೆ ಅಂತ ಇಟ್ಟುಕೊಳ್ಳುವ. ಎಂಟು ಚೆಂಡು. ಬಾಳೆನಾರಿನಲ್ಲಿ ಕಟ್ಟಿ ಅಭ್ಯಾಸ ಇರುವ ಕೈಗೆ ಒಂದು ಚೆಂಡಿಗೆ ಮುಕ್ಕಾಲು ಗಂಟೆ ಬೇಕು, ಸ್ವಲ್ಪ ಚುರುಕಿದ್ರೆ 40 ನಿಮಿಷ. ಎಂಟು ಚೆಂಡಿಗೆ ಐದೂವರೆ ಗಂಟೆ. ಮೊಗ್ಗು ಕೊಯ್ದು ಮುಗಿಯುವಾಗ 7 ಗಂಟೆ, ನಿನ್ನ ಬಸ್ಸು 9.10ಕ್ಕೆ. ಎರಡು ಗಂಟೆಯ ಒಳಗೆ ಇದನ್ನು ಮುಗಿಸ್ಲಿಕ್ಕೆ ಮೂರು ಜನ ಬೇಕು. ಈಗ ನಿಮ್ಮಲ್ಲಿ ಮೂರು ಜನ ಕೂತುಕೊಳ್ತೀರಿ ಅಂತ ಕಾಣ್ತದೆ, ಅಲ್ವಾ?

200 ಗಿಡ ಆದ್ರೆ ಅದೇ ದಿನ ಹತ್ತಿರ ಹತ್ತಿರ 24 ಚೆಂಡು, 16 ಗಂಟೆಯ ಕೆಲಸ. ಅದನ್ನು ಅದೇ ಎರಡು ಗಂಟೆಯಲ್ಲಿ ಕಟ್ಲಿಕ್ಕೆ ಎಂಟು ಜನ ಬೇಕು. ಬೆಳಿಗ್ಗೆ 7 ಗಂಟೆಗೆ ಯಾವ ಮನೆಯಿಂದ ಎಂಟು ಹೆಂಗಸರು ಬರ್ತಾರೆ? ಆ ಹೊತ್ತಿಗೆ ಎಲ್ಲರ ಮನೆಯಲ್ಲೂ ಮಕ್ಕಳನ್ನು ಶಾಲೆಗೆ ಕಳಿಸುವ ಗಡಿಬಿಡಿ. ಮೊಗ್ಗು ನಮಗೋಸ್ಕರ ಕಾಯುವುದಿಲ್ಲ, ಕೊಯ್ಯದೆ ಬಿಟ್ರೆ ಸಂಜೆಗೆ ಅರಳಿ ಮರುದಿನ ಗಿಡದ ಬುಡದಲ್ಲಿ ಬಿಳಿ ಹಾಸು. ನಾನು 2017ರಲ್ಲಿ 160 ಮಾಡಿ ಎರಡೇ ವರ್ಷದಲ್ಲಿ 60 ಗಿಡ ಕಿತ್ತು ಹಾಕಿದೆ. ಕೀಳುವ ದಿನ ಗಿಡದಲ್ಲಿ ಮೊಗ್ಗಿತ್ತು, ಅದು ಈಗಲೂ ಮನಸ್ಸಿನಿಂದ ಹೋಗಿಲ್ಲ.

ದರದ ವಿಷಯವೂ ನೋಡು. ಹೂ ಹೆಚ್ಚು ಬರುವ ಬೇಸಗೆಯಲ್ಲಿ ಎಲ್ಲರಲ್ಲೂ ಬರ್ತದೆ. ಅಟ್ಟೆಗೆ 300 ಆದ ದಿನ ಒಂದು ಚೆಂಡಿಗೆ 75, ಅದರಲ್ಲಿ ಕಟ್ಟಿದವರಿಗೆ 40 ಕೊಟ್ಟು ಬಸ್ಸು, ಕಮಿಷನ್ ಕಳೆದ್ರೆ ಎಂಥ ಉಳೀತದೆ? ದರ ಏರುವುದು ಚಳಿಗೆ ಹೂ ಕಮ್ಮಿ ಆದಾಗ. ಆಗ 200 ಗಿಡ ಇದ್ರೂ ಹೂ ಇರುವುದಿಲ್ಲ. ಈ ವರ್ಷ ಇನ್ನೊಂದು ಉಂಟು: ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ, ಮದುವೆ ತುಂಬಾ ಕಮ್ಮಿ. ಆಮೇಲೆ ಒಂದು ತಿಂಗಳು ಸಿಕ್ಕಿ, ಪುನಃ ಆಟಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು), ಮದುವೆ ಇಲ್ಲ. ಇಡೀ ಮಳೆಗಾಲದಲ್ಲಿ ದರ ನಂಬಿ ಕೂರುವ ಹಾಗಿಲ್ಲ.

ಹಾಗಂತ ಏರಿಸುವುದೇ ಬೇಡ ಅಂತ ಹೇಳುವುದಿಲ್ಲ. ಯಜಮಾನರ ಎರಡು ಕೈ ಹೊಸತಾಗಿ ಬಂದಿದೆಯಲ್ಲ, ಆ ಎರಡು ಕೈಗೆ 30 ಗಿಡ ಹಾಕಿ. ಅವರಿಗೆ ಕಟ್ಲಿಕ್ಕೆ ಬಾರದಿದ್ರೆ ಕೊಯ್ಯಲಿ, ನೀನು ಕೊಯ್ಯುವ ಹೊತ್ತು ಕಟ್ಲಿಕ್ಕೆ ಸಿಗ್ತದೆ. ಮತ್ತೆ ಮಳೆ ಬಿಟ್ಟ ಮೇಲೆ ಗೆಲ್ಲು ಸವರುವಾಗ ಎಲ್ಲವನ್ನೂ ಒಂದೇ ವಾರ ಸವರಬೇಡ. ಅರ್ಧ ಮೊದಲು, ಅರ್ಧ 20 ದಿನ ಬಿಟ್ಟು. ಹೂ ಒಮ್ಮೆಗೇ ನುಗ್ಗಿ ಬರುವುದು ತಪ್ತದೆ. ನಾನು ನಾಲ್ಕು ವರ್ಷದಿಂದ ಹಾಗೇ ಮಾಡುವುದು.

ಗುಡ್ಡೆಕೃಷಿ, ಪೈವಳಿಕೆ

ಹೊಳೆಕರೆ ಅಕ್ಕ ಮಲ್ಲಿಗೆ ಹೇಳಿದ್ರು, ನಾನು ಗೊಂಡೆ ಹೇಳ್ತೇನೆ. ಅಕ್ಕ, ನಿಮ್ಮ ಗಿಡದ್ದು ತಪ್ಪಿಲ್ಲ, ನಿಮ್ಮ ಆರೈಕೆಯದ್ದೂ ಅಲ್ಲ. ಕ್ಯಾಲೆಂಡರ್ ಒಂದೇ ತಪ್ಪಿದ್ದು. 2024ರಲ್ಲಿ ತಿರುವೋಣ ಸೆಪ್ಟೆಂಬರ್ 15, ಕಳೆದ ವರ್ಷ ಸೆಪ್ಟೆಂಬರ್ 5. ಹತ್ತು ದಿನ ಹಿಂದೆ ಬಂತು. ನೀವು ನೆಟ್ಟದ್ದು ಎರಡೇ ದಿನ ಹಿಂದೆ. ನಿಮಗೆ ಬೇಕಾಗಿದ್ದ ಆರೇಳು ದಿನ ಹೋದದ್ದು ಅಲ್ಲಿ.

ಈ ವರ್ಷ ತಿರುವೋಣ ಇನ್ನೂ ಹತ್ತು ದಿನ ಹಿಂದೆ ಬರ್ತದೆ, ಆಗಸ್ಟ್ 26. ಜುಲೈ 20ಕ್ಕೆ ನೆಟ್ರೆ ಮುಗಿದ ಹಾಗೆ. ಆದ್ರೆ ಈ ವರ್ಷದ ಒಳ್ಳೆಯದು ಎಂಥ ಗೊತ್ತುಂಟಾ, ಚೌತಿ ಸೆಪ್ಟೆಂಬರ್ 14. ಕಳೆದ ವರ್ಷ ಚೌತಿ ಮೊದಲು (ಆಗಸ್ಟ್ 27), ಓಣಂ ಆಮೇಲೆ ಬಂದು ನಿಮ್ಮ ಕೈ ಕಟ್ಟಿ ಹೋಯ್ತು. ಈ ಸಲ ಓಣಂ ಮೊದಲು, ಚೌತಿ 19 ದಿನ ಬಿಟ್ಟು. ಗೊಂಡೆ ಒಮ್ಮೆ ಹಿಡಿದ್ರೆ ಒಂದೂವರೆ ತಿಂಗಳು ಕೊಡ್ತದೆ. ಓಣಂಗೆ ತಪ್ಪಿದ ಹೂವಿಗೂ ಚೌತಿಯ ಗಿರಾಕಿ ಉಂಟು, ಅದೂ ಉಪ್ಪಳ, ಮಂಜೇಶ್ವರ ಕಡೆ. ಇಂಥ ವರ್ಷ ಬಿಡ್ಬೇಡಿ.

ತಾರೀಕು ಹಿಂದಿನಿಂದ ಎಣಿಸಿ. ನಾಟಿಯಿಂದ ಪೂರ್ತಿ ಅರಳುವವರೆಗೆ ನಮ್ಮ ಮಳೆಯಲ್ಲಿ ನಾನು 55 ದಿನ ಹಿಡಿಯುವುದು, ತುದಿ ಚಿವುಟುವುದರಿಂದ ಇನ್ನೊಂದು ವಾರ ತಡ ಆಗ್ತದೆ. ಆಗಸ್ಟ್ 22ಕ್ಕೆ ಒಳ್ಳೆ ಹೂ ಬೇಕಾದ್ರೆ ಜೂನ್ 22ರ ಹೊತ್ತಿಗೆ ಗಿಡ ಮಣ್ಣಿನಲ್ಲಿ ಇರ್ಬೇಕು. ಸಸಿ 22ರಿಂದ 25 ದಿನದ್ದು. ಅಂದ್ರೆ ಬೀಜ ಹಾಕ್ಬೇಕಾದ್ದು ಈ ಮೇ 30ರ ಒಳಗೆ. ಕೈಯಲ್ಲಿ ಮೂರು ವಾರ ಉಂಟು. ತುದಿ ಚಿವುಟುವುದನ್ನು ನಾಟಿಯಾಗಿ 25 ದಿನದ ಒಳಗೆ ಮುಗಿಸಿ. ತಡ ಮಾಡಿ ಚಿವುಟಿದ್ರೆ ಕಳೆದ ವರ್ಷದ್ದೇ ಕಥೆ.

ಜೂನ್ ಜುಲೈ ಮಳೆ ನಮ್ಮಲ್ಲಿ ಹೇಗೆ ಅಂತ ನಿಮಗೆ ಗೊತ್ತುಂಟು. ಒಂದಡಿ ಎತ್ತರದ ಏರಿ ಮಾಡಿ, ಅದರ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ. ಎರಡು ಏರಿಯ ಮಧ್ಯದ ಕಣಿಯ ನೀರು ಗುಡ್ಡೆಯಿಂದ ಕೆಳಗೆ ಓಡ್ಲಿಕ್ಕೆ ದಾರಿ ಬೇಕು. ನಮ್ಮ ಮುರ ಮಣ್ಣಿಗೆ ಹುಳಿ ಜಾಸ್ತಿ. ಏರಿ ಮಾಡುವ ಮೊದಲೇ ಸುಣ್ಣ ಕೊಟ್ಟು ಹದಿನೈದು ದಿನ ಬಿಟ್ಟು ಗೊಬ್ಬರ ಹಾಕಿ, ಎರಡನ್ನೂ ಒಟ್ಟಿಗೆ ಹಾಕ್ಬಾರದು. ಗೊಬ್ಬರಕ್ಕೆ ನಾನು 90 ಕಿಲೋ ಸೆಗಣಿ ಪುಡಿ, 10 ಕಿಲೋ ಬೇವಿನ ಹಿಂಡಿ, ಒಂದು ಕಿಲೋ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆ ಶಿಲೀಂಧ್ರ) ಬೆರೆಸಿ ನೆರಳಿನಲ್ಲಿ ಎರಡು ವಾರ ಒದ್ದೆ ಗೋಣಿ ಮುಚ್ಚಿ ಇಡ್ತೇನೆ.

ಆ 60 ಗಿಡ ಬಾಡಿದ್ದು ನನಗೆ ತಲೆಗೆ ಹೋಗ್ತಾ ಉಂಟು. ಎಲೆ ಹಳದಿಯಾಗಿ ನಿಧಾನಕ್ಕೆ ಹೋದದ್ದಾ, ಹಸಿರು ಇರುವಾಗಲೇ ಒಂದೆರಡು ದಿನದಲ್ಲಿ ಜೋತು ಬಿದ್ದದ್ದಾ?

ಸುರಂಗದ ಮನೆ, ಬದಿಯಡ್ಕ

ಹೊಳೆಕರೆ ಅಕ್ಕ, ಮೂರು ಜನ ಕೂತುಕೊಳ್ಳುವುದು ಅಂತ ನೀವು ಹೇಗೆ ಹೇಳಿದ್ರಿ ಅಂತ ಆಶ್ಚರ್ಯ ಆಯ್ತು. ನಾನು, ಅತ್ತೆ, ಮತ್ತೆ ಪಕ್ಕದ ಮನೆಯ ಒಬ್ಬರು. ಅತ್ತೆಗೆ 71. ನಿಮ್ಮದು ಪೂರ್ತಿ ಯಜಮಾನರಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋದ್ರು. ಇವತ್ತು ಬೆಳಿಗ್ಗೆ ನಾವು ಕಟ್ತಾ ಕೂತಲ್ಲಿಗೆ ಬಂದು, ಮೊಬೈಲಿನಲ್ಲಿ ಹೊತ್ತು ನೋಡಿ ಅತ್ತೆಯ ಒಂದು ಚೆಂಡಿಗೆ 38 ನಿಮಿಷ, ನನ್ನದಕ್ಕೆ 44 ಅಂತ ಬರೆದುಕೊಂಡ್ರು. ಮಧ್ಯಾಹ್ನ ಊಟಕ್ಕೆ ಕೂತಾಗ "30 ಸಾಕು" ಅಂದ್ರು.

ಪೈವಳಿಕೆ ಅಣ್ಣ, ಹಸಿರು ಇರುವಾಗಲೇ ಜೋತದ್ದು. ಮಧ್ಯಾಹ್ನ ಬಾಡಿ ಸಂಜೆಗೆ ಸರಿಯಾದ ಹಾಗೆ ಕಾಣ್ತಿತ್ತು, ಮೂರನೇ ದಿನಕ್ಕೆ ಏಳಲೇ ಇಲ್ಲ. ಈಗ ಅದೇ ಸಾಲಿನಲ್ಲಿ ಬದನೆ ಉಂಟು, ಅದರಲ್ಲೂ ನಾಲ್ಕು ಗಿಡ ಅದೇ ರೀತಿ ಹೋಗಿದೆ.

ಗುಡ್ಡೆಕೃಷಿ, ಪೈವಳಿಕೆ

ಹಾಗಾದ್ರೆ ಬಾಡಿದ ಬದನೆ ಗಿಡ ಒಂದನ್ನು ಕಿತ್ತು, ಬುಡದ ಹತ್ತಿರದ ಕಾಂಡವನ್ನು ಮೂರು ಇಂಚು ಉದ್ದ ಚೂರಿಯಲ್ಲಿ ನೇರ ಕೊಯ್ಯಿರಿ. ಒಂದು ಗಾಜಿನ ಲೋಟದಲ್ಲಿ ತಿಳಿ ನೀರು ಹಾಕಿ, ಕೊಯ್ದ ತುದಿ ನೀರಿಗೆ ಮುಟ್ಟುವ ಹಾಗೆ ಹಿಡಿಯಿರಿ, ಅಲ್ಲಾಡಿಸ್ಬೇಡಿ. ಐದು ನಿಮಿಷದ ಒಳಗೆ ಹಾಲಿನ ಹಾಗಿನ ಬಿಳಿ ಎಳೆ ಕೆಳಗೆ ಇಳಿದ್ರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮಣ್ಣಿನಲ್ಲೇ ಕೂತಿರ್ತದೆ, ಆ ಸಾಲಿಗೆ ಗೊಂಡೆ, ಬದನೆ, ಟೊಮೆಟೊ, ಮೆಣಸು ಯಾವುದೂ ಬೇಡ. ಎಳೆ ಇಳಿಯದಿದ್ರೆ ನೀರು ನಿಂತದ್ದು ಅಥವಾ ಬೇರು ಕೊಳೆತದ್ದು, ಏರಿ ಎತ್ತರ ಮಾಡಿದ್ರೆ ಸರಿಯಾಗ್ತದೆ. ನೋಡಿ ಹೇಳಿ.

ನೀರ್ಚಾಲು ಮಾವ

ಮಗಳೇ, ನಾನು ಮೊಬೈಲಿನಲ್ಲಿ ನಿಧಾನ ಬರೆಯುವವ. ಎಲ್ಲರೂ ಹೂವಿನದ್ದೇ ಹೇಳಿದ್ರು, ತರಕಾರಿ ಬಗ್ಗೆ ಯಾರೂ ಹೇಳಲಿಲ್ಲ. ನಿನ್ನ ಲೆಕ್ಕವನ್ನೇ ಪುನಃ ನೋಡು. ಮಲ್ಲಿಗೆಯಲ್ಲಿ ಖರ್ಚು ಕಳೆದು 93,000. ತರಕಾರಿಯಲ್ಲಿ 74,000, ಅದೂ 15 ಸೆಂಟ್ಸಿನಲ್ಲಿ, ಬೆಳಿಗ್ಗೆ ಬಸ್ಸಿಗೆ ಓಡದೆ. 22 ಮನೆಯವರು ನಿನ್ನ ಹೆಸರು ನೋಡಿ ತೆಕ್ಕೊಳ್ತಾರೆ. ಮಲ್ಲಿಗೆ ಮಂಗಳೂರಿಗೆ ಮುಟ್ಟಿದ ಮೇಲೆ ಅದು ಯಾರ ಮನೆಯದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬಿಸುವಿಗೆ (ಏಪ್ರಿಲಿನ ಹೊಸವರ್ಷದ ಹಬ್ಬ) ಸೌತೆ ಎಷ್ಟಕ್ಕೆ ಮಾರಿದಿ? ಆ ಬೆಳಿಗ್ಗೆ ದೇವರೆದುರು ಕಣಿಗೆ ಇಡುವ ಸೌತೆಗೆ ಹಿಂದಿನ ಎರಡು ದಿನ ಹೇಳಿದ ಬೆಲೆ, ಬಿಸು ಕಳೆದ ಮರುದಿನ ಕೇಳುವವರಿಲ್ಲ. ಕೇರಳ ಸರಕಾರ 2020ರ ನವೆಂಬರ್ 1ರಿಂದ 16 ಬೆಳೆಗೆ ತಳಬೆಲೆ ಇಟ್ಟಿತಲ್ಲ, ಅದರಲ್ಲಿ ಅಲಸಂಡೆಗೆ 34, ಹಾಗಲಕ್ಕೆ 30, ಸೌತೆಗೆ 8 ರೂಪಾಯಿ ಇಟ್ಟದ್ದು. ಆ ಮೂರು ಸಂಖ್ಯೆ ನೋಡಿದ್ರೇ ಯಾವುದನ್ನು ತಾಜಾ ಮಾರ್ಬೇಕು, ಯಾವುದನ್ನು ಕಾದು ಮಾರ್ಬೇಕು ಅಂತ ಗೊತ್ತಾಗ್ತದೆ. ನಮ್ಮ ಅಮ್ಮ ಬಲಿತ ಸೌತೆಯನ್ನು ಒಂದನ್ನೂ ಬೇಸಗೆಯಲ್ಲಿ ಕೊಡ್ತಿರಲಿಲ್ಲ. ಒಣ ಬಾಳೆಬಳ್ಳಿಯಲ್ಲಿ ಒಂದರ ಕೆಳಗೆ ಒಂದು ಕಟ್ಟಿ ಅಡಿಗೆ ಕೋಣೆಯ ಅಟ್ಟದ ಅಡ್ಡಕ್ಕೆ ತೂಗು ಹಾಕುವುದು, ಒಂದಕ್ಕೊಂದು ತಾಗದ ಹಾಗೆ. ಹೊಗೆ ಆಡುವ ಜಾಗ. ಆಟಿಯವರೆಗೆ ಏನೂ ಆಗುವುದಿಲ್ಲ. ಆಟಿಯಲ್ಲಿ ಎಲ್ಲಿಯೂ ತರಕಾರಿ ಇಲ್ಲ, ಘಟ್ಟದ ಮೇಲಿನದ್ದಕ್ಕೆ ಬೆಂಕಿ ಬೆಲೆ. ಆಗ ಇಳಿಸಿ ಕೊಡು ನಿನ್ನ 22 ಮನೆಗೆ. ಕೊಯ್ಯುವಾಗ ತೊಟ್ಟು ಎರಡು ಬೆರಳು ಉದ್ದ ಬಿಡ್ಬೇಕು, ಪೆಟ್ಟಾದದ್ದು ಕಟ್ಬಾರದು. ಈ ವರ್ಷದ್ದು ಬಾಕಿ ಉಳಿದಿದ್ರೆ ಇವತ್ತೇ ಕಟ್ಟು.

ಮತ್ತೆ ತೊಂಡೆ. ಒಮ್ಮೆ ಬಳ್ಳಿ ನೆಟ್ರೆ ಎರಡು ಮೂರು ವರ್ಷ ಕೊಡ್ತದೆ. ಇನ್ನೊಂದು ಚಪ್ಪರ ಈಗಲೇ ಹಾಕು, ಮಳೆ ಹಿಡಿಯುವ ಮೊದಲು. ಹರಿವೆಯನ್ನು ಮಳೆಯಲ್ಲಿ ಕೆಂಪು ಒಂದೇ ಬಿತ್ತಬೇಡ, ಎಲೆಚುಕ್ಕೆ ಬಂದು ಮಾರ್ಲಿಕ್ಕೆ ಆಗುವುದಿಲ್ಲ. ಹಸಿರು ಹರಿವೆಯಲ್ಲಿ ಸಿಒ 1 ಅಂತ ಒಂದು ಉಂಟು, ಅದಕ್ಕೆ ಆ ರೋಗ ಹಿಡಿಯುವುದಿಲ್ಲ. ಎರಡನ್ನೂ ಬೆರೆಸಿ ಬಿತ್ತಿದ್ರೆ ಕೆಂಪಿಗೂ ರೋಗ ಹರಡುವುದು ಕಮ್ಮಿ. ಕೃಷಿ ಭವನದಲ್ಲಿ 'ಓಣಂಗೆ ಒಂದು ಮೊರ ತರಕಾರಿ' ಅಂತ ಬೀಜದ ಪ್ಯಾಕೆಟ್ ಕೊಡುವಾಗ ಹೋಗಿ ಕೇಳು.

ಎಣ್ಮಕಜೆ ಅಡಿಕೆ

ನವಿಲಿಗೆ, ಮಂಗನಿಗೆ ಎಂಥ ಮಾಡ್ತೀರಿ? ನಮ್ಮಲ್ಲಿ ಅಲಸಂಡೆ ಮೊಳಕೆ ಬಂದ ದಿನವೇ ನವಿಲು ತಿಂದು ಹೋಗ್ತದೆ.

ಸುರಂಗದ ಮನೆ, ಬದಿಯಡ್ಕ

ಮೊಳಕೆಯಿಂದ ನಾಲ್ಕೆಲೆ ಆಗುವವರೆಗೆ ಹಳೆ ಮೀನಿನ ಬಲೆಯನ್ನು ಗೂಟ ಹಾಕಿ ಎರಡಡಿ ಎತ್ತರಕ್ಕೆ ಕಟ್ತೇನೆ, ನವಿಲು ಒಳಗೆ ಕಾಲಿಡುವುದಿಲ್ಲ. ಕುಂಬಳೆ ಕಡಪ್ಪುರದ ಕಡೆಯಿಂದ ತಂದದ್ದು. ಮಂಗನಿಗೆ ಈವರೆಗೆ ಏನೂ ಹಿಡಿದಿಲ್ಲ.

ಹೂವಿನ ಅಂಗಡಿ, ಹೊಸಂಗಡಿ

ನಾನು ಕೊಳ್ಳುವವನ ಕಡೆಯಿಂದ ಹೇಳ್ತೇನೆ ಅಕ್ಕ. ಓಣಂಗೆ ಘಟ್ಟದ ಮೇಲಿನಿಂದ, ಗುಂಡ್ಲುಪೇಟೆ, ಹಾಸನ ಕಡೆಯಿಂದ ಲಾರಿಯಲ್ಲಿ ಗೊಂಡೆ ಬರ್ತದೆ. ಕಾಸರಗೋಡು ಪೇಟೆಯಲ್ಲಿ ಅವರೇ ಬಂದು ರಸ್ತೆ ಬದಿ ರಾಶಿ ಹಾಕಿ ಕೂರ್ತಾರೆ. ಕಿಲೋ ದರದಲ್ಲಿ ಅವರ ಎದುರು ನಿಲ್ಲಲಿಕ್ಕೆ ನಿಮ್ಮಿಂದ ಆಗುವುದಿಲ್ಲ, ನಿಲ್ಲಲೂ ಬೇಡಿ. ನಿಮ್ಮ ಹೂವಿಗೆ ಇರುವ ಬೆಲೆ ಒಂದೇ: ಅದು ಆವತ್ತು ಬೆಳಿಗ್ಗೆ ಕೊಯ್ದದ್ದು. ಲಾರಿಯ ಹೂ ಮೂಟೆಯಲ್ಲಿ ಬಿಸಿಯಾಗಿ ಎರಡನೇ ದಿನಕ್ಕೆ ತೊಟ್ಟು ಕಪ್ಪಾಗ್ತದೆ. ಶಾಲೆ, ಕಾಲೇಜು, ಬ್ಯಾಂಕು, ಕ್ಲಬ್ಬು, ಇವರೆಲ್ಲ ಪೂಕ್ಕಳಂ (ಹೂವಿನ ರಂಗೋಲಿ) ಹಾಕುವುದು ರಜೆ ಸಿಗುವ ಮೊದಲಿನ ದಿನ, ತಿರುವೋಣಕ್ಕೆ ನಾಲ್ಕೈದು ದಿನ ಮೊದಲೇ. ಜುಲೈಯಲ್ಲೇ ಹೋಗಿ ಎಷ್ಟು ಕಿಲೋ ಹಳದಿ, ಎಷ್ಟು ಕೇಸರಿ ಅಂತ ಬರೆಸಿಕೊಂಡು ಸ್ವಲ್ಪ ಮುಂಗಡ ತೆಕ್ಕೊಳ್ಳಿ. ಬರೆಸಿದಷ್ಟಕ್ಕೇ ಗಿಡ ಹಾಕಿ. ಮತ್ತೆ ಎರಡೂ ಬಣ್ಣ ಬೇಕು, ಒಂದೇ ಬಣ್ಣ ತಂದವರನ್ನು ನಾನು ವಾಪಸು ಕಳಿಸಿದ್ದುಂಟು.

ಮಲ್ಲಿಗೆ ಬಗ್ಗೆ ಒಂದು ಮಾತು. ಎಲ್ಲವನ್ನೂ ಒಂದೇ ಕಡೆಗೆ ಕಳಿಸ್ಬೇಡಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ ಒಳರಸ್ತೆಗಳಿಗೆಲ್ಲ ಮಣ್ಣು ಸುರಿದಾಗ ಇಲ್ಲಿಯ ಮಲ್ಲಿಗೆ ಒಂದು ಮೊಳ ಕೂಡ ಆಚೆ ಹೋಗಲಿಲ್ಲ. ಆಗ ನನ್ನ ಅಂಗಡಿಯ ಎದುರು ಬಂದು ಬುಟ್ಟಿ ಇಟ್ಟು ಅತ್ತವರನ್ನು ನೋಡಿದ್ದೇನೆ. ದಿನಕ್ಕೆ ಎರಡು ಚೆಂಡಾದ್ರೂ ಬದಿಯಡ್ಕ, ಕುಂಬಳೆಯಲ್ಲೇ ಮೊಳ ಲೆಕ್ಕದಲ್ಲಿ ಹೋಗಲಿ. ದೇವಸ್ಥಾನದ ಹತ್ತಿರದ ಅಂಗಡಿ, ಮದುಮಗಳ ಅಲಂಕಾರ ಮಾಡುವವರು, ಹೀಗೆ. ಕಳೆದ ವರ್ಷ ಮಧೂರು ದೇವಸ್ಥಾನದ ಬ್ರಹ್ಮಕಲಶ, ಮೂಡಪ್ಪ ಸೇವೆಯ ಸಮಯದಲ್ಲಿ ಈ ಕಡೆಯ ಹೂವೇ ಸಾಕಾಗಲಿಲ್ಲ. ಪರಿಚಯ ಇದ್ದವರಿಗೆ ಮೊದಲ ಫೋನು ಹೋದದ್ದು.

ಮತ್ತೆ ಕಳಿಸುವ ಕಡೆಯವರು ದರವನ್ನು ಆ ದಿನವೇ ಹೇಳ್ತಾರಾ? ವಾರದ ಕೊನೆಗೆ ಒಟ್ಟಿಗೆ ಹೇಳುವುದಾದ್ರೆ ಜಾಗ್ರತೆ.

ಸುರಂಗದ ಮನೆ, ಬದಿಯಡ್ಕ

ಮೊದಲು ಅವರು ಶನಿವಾರ ಒಟ್ಟಿಗೆ ಹೇಳ್ತಿದ್ರು. "ಎರಡು ಚೆಂಡು ಹಳತು" ಅಂತ ಪ್ರತಿ ವಾರ ಕಡಿತ ಇರ್ತಿತ್ತು. ಬೆಳಿಗ್ಗೆ ಕೊಯ್ದ ಹೂ ಹಳತು ಹೇಗೆ ಆಗ್ತದೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಜನವರಿಯಲ್ಲಿ ಅವರನ್ನು ಬಿಟ್ಟು ಬೇರೆಯವರಿಗೆ ಕೊಡ್ಲಿಕ್ಕೆ ಶುರು ಮಾಡಿದೆ. ಈಗಿನವರು 11 ಗಂಟೆಗೆ ದರ ಮೆಸೇಜು ಮಾಡ್ತಾರೆ. ಶಂಕರಪುರದ ಕಟ್ಟೆಯ (ಮಲ್ಲಿಗೆ ಮಾರುಕಟ್ಟೆ) ದರವೂ ನಮಗೆ ಮೊಬೈಲಿನಲ್ಲಿ ಸಿಗ್ತದೆ, ಎರಡನ್ನೂ ಒಂದೇ ಪುಟದಲ್ಲಿ ಬರೆದಿಡ್ತೇನೆ.

ನಿನ್ನೆ ಸಂಜೆ ಗುಂಪಿನ ಮೂವರನ್ನು ಮನೆಗೆ ಕರೆದು ನೀವೆಲ್ಲ ಬರೆದದ್ದನ್ನು ಓದಿದೆ. ಅವರಿಗೆ ನನ್ನ ಮೇಲೆ ಬೇಸರ ಇರಬಹುದು ಅಂತ ಹೆದರಿದ್ದೆ. ಓಣಂ ತಾರೀಕು ಹಿಂದೆ ಬಂದದ್ದು ನಮಗೆ ನಾಲ್ವರಿಗೂ ಹೊಳೆಯಲಿಲ್ಲವಲ್ಲ ಅಂತ ಅವರೇ ಹೇಳಿದ್ರು. 500 ಗಿಡ ಅಂತ ತೀರ್ಮಾನ ಆಗಿದೆ, 300 ಕೇಸರಿ, 200 ಹಳದಿ. ಬೀಜ ಮೇ 29ಕ್ಕೆ ಹಾಕುವುದು. ಒಬ್ಬರ ಮಗಳು ಪೇಟೆಯ ಶಾಲೆಯಲ್ಲಿ ಟೀಚರು, ಅವಳು ಎರಡು ಶಾಲೆಯಲ್ಲಿ ಕೇಳ್ತಾಳೆ. ನವರಾತ್ರಿ ಅಕ್ಟೋಬರ್ 11ಕ್ಕೆ ಶುರು. ಅದಕ್ಕೆ ಆಗಸ್ಟ್ ಮಧ್ಯದಲ್ಲಿ ಇನ್ನೊಂದು 150 ನೆಡುವ ಅಂತ ಯಜಮಾನರು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ಮಲ್ಲಿಗೆ 30 ಸಸಿಗೆ ಹೇಳಿಯಾಗಿದೆ, ಮೊದಲ ಮಳೆ ಬಿದ್ದು ಒಂದು ವಾರಕ್ಕೆ ನೆಡುವುದು. ಬಾಕಿ ಜಾಗಕ್ಕೆ ತೊಂಡೆ ಚಪ್ಪರ, ಬಿದಿರು ಕಡಿದು ತಂದಾಯ್ತು.

ನೀರ್ಚಾಲು ಮಾವ, ಸೌತೆ 34 ಉಳಿದಿತ್ತು. ಅಂಗಡಿಯವರು ಕಿಲೋಗೆ 10 ಹೇಳಿದ್ರು, ಕೊಡಲಿಲ್ಲ. ಅತ್ತೆ ನಿಮ್ಮದು ಕೇಳಿ ತುಂಬಾ ಖುಷಿಪಟ್ರು, ಅವರ ತಾಯಿ ಮನೆಯಲ್ಲೂ ಹಾಗೇ ಕಟ್ತಿದ್ರಂತೆ. ತೊಟ್ಟು ಮುರಿದದ್ದು ಆರು ತೆಗೆದು 28 ಕಟ್ಟಿದ್ದೇವೆ. ನಮ್ಮಲ್ಲಿ ಈಗ ಗ್ಯಾಸು, ಹೊಗೆ ಇಲ್ಲ. ಹಾಗೆ ಬಚ್ಚಲಿನ ಒಲೆಯ ಮೇಲಿನ ಅಡ್ಡಕ್ಕೆ ತೂಗು ಹಾಕಿದ್ದು. ಅಲ್ಲಿ ಪಸೆ ಹೆಚ್ಚಾಗ್ತದಾ ಹೇಳಿ.

ಪೈವಳಿಕೆ ಅಣ್ಣ, ರಾತ್ರಿ ಊಟ ಆದ ಮೇಲೆ ಲೋಟದ್ದು ಮಾಡಿದೆವು. ಬದನೆಯ ಕಾಂಡ ಕೊಯ್ದು ನೀರಿಗೆ ಹಿಡಿದೆ, ಯಜಮಾನರು ಲೋಟದ ಹಿಂದಿನಿಂದ ಟಾರ್ಚ್ ಬಿಟ್ರು. ಮೊದಲ ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕಾಂಡದ ತುದಿಯಿಂದ ಕೂದಲಿನಷ್ಟು ಸಪುರದ ಬಿಳಿ ಎಳೆ, ನೇರ ಕೆಳಗೆ. ಅದರ ಪಕ್ಕದಲ್ಲಿ ಇನ್ನೊಂದು. ಐದು ನಿಮಿಷಕ್ಕೆ ನೀರು ಅಕ್ಕಿ ತೊಳೆದ ಹಾಗೆ ಆಯ್ತು. ಬೆಳಿಗ್ಗೆ ಆ ಸಾಲಿನ ಬದನೆ ಎಲ್ಲ ಬೇರು ಸಮೇತ ಕಿತ್ತು ಸುಟ್ಟೆವು. ಗೊಂಡೆಯ ಏರಿಗಳನ್ನು ಮೇಲಿನ ತಟ್ಟಿಗೆ ಬದಲಾಯಿಸಿದ್ದೇವೆ, ಕೆಳಗಿನ ನೀರು ಅಲ್ಲಿಗೆ ಬರುವುದಿಲ್ಲ. ಈ ಸಾಲಿಗೆ ಅಲಸಂಡೆ ಹಾಕ್ಬಹುದಾ? ಮತ್ತೆ ಇದನ್ನು ಅಗೆದ ಹಾರೆಯನ್ನು ಮೇಲೆ ತಕ್ಕೊಂಡು ಹೋಗುವ ಮೊದಲು ತೊಳೆದ್ರೆ ಸಾಕಾ, ಬೇರೆ ಎಂಥಾದ್ರೂ ಮಾಡ್ಬೇಕಾ?

ಗುಡ್ಡೆಕೃಷಿ, ಪೈವಳಿಕೆ

ಅಲಸಂಡೆ ಧಾರಾಳ ಹಾಕಿ ಅಕ್ಕ. ಹಾರೆ ತೊಳೆದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಹತ್ತು ನಿಮಿಷ ಅದ್ದಿ ಇಡಿ, ಚಪ್ಪಲಿಯನ್ನು ಕೂಡ. ಸುಣ್ಣ ಮೇಲಿನ ತಟ್ಟಿಗೆ ಈ ವಾರವೇ ಬೀಳಲಿ.